ಪಿಡುಗಿನ ವೆಚ್ಚವನ್ನು ಹೊತ್ತವರಾರು? – ೧೯೧೮ರ ಇನ್‌ಫ್ಲುಯೆಂಜಾ ಕಾಲದ ತೆರಿಗೆ, ಬಡತನ ಮತ್ತು ದವಾಖಾನೆ

ಸಾಂಕ್ರಾಮಿಕ ರೋಗಗಳ ಇತಿಹಾಸವನ್ನು ನಾವು ಸಾಮಾನ್ಯವಾಗಿ ವೈದ್ಯಶಾಸ್ತ್ರದ ಇತಿಹಾಸವೆಂದೇ ಓದುತ್ತೇವೆ. ರೋಗ ಯಾವುದು, ಎಲ್ಲಿಂದ ಬಂದಿತು, ಯಾವ ಉಪಾಯದಿಂದ ಅಡಗಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಪಾಠ ಮುಗಿಯಿತೆಂದು ಭಾವಿಸುತ್ತೇವೆ. ಆದರೆ ಇತಿಹಾಸದ ವಿದ್ಯಾರ್ಥಿಯು ಕೇಳಲೇಬೇಕಾದ ನಾಲ್ಕನೆಯ ಪ್ರಶ್ನೆಯೊಂದಿದೆ. ಆ ಪಿಡುಗಿನ ವೆಚ್ಚವನ್ನು ಯಾರು ಹೊತ್ತರು? ವೆಚ್ಚವೆಂದರೆ ಎರಡು ಬಗೆ. ಬೊಕ್ಕಸಕ್ಕೆ ಸಲ್ಲಿಸಿದ ಹಣ ಒಂದು, ಕಳೆದುಹೋದ ಪ್ರಾಣ ಇನ್ನೊಂದು. ಈ ಎರಡು ಭಾರಗಳೂ ಸಮಾಜದ ಒಂದೇ ವರ್ಗದ ಹೆಗಲ ಮೇಲೆ ಬಿದ್ದುವೇ ಎಂಬುದನ್ನು ೧೯೧೮ರ ಇನ್‌ಫ್ಲುಯೆಂಜಾ ಪಿಡುಗಿನ ಆಧಾರದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಆ ಕಾಲದಲ್ಲಿ ಕನ್ನಡಿಗರು ಒಂದೇ ಆಡಳಿತದ ಕೆಳಗೆ ಇರಲಿಲ್ಲ. ಕಾಸರಗೋಡು, ವಯನಾಡು, ನೀಲಗಿರಿ, ಹೊಸೂರು, ತಾಳವಾಡಿ, ಆದವಾನಿ, ರಾಯದುರ್ಗ, ಮಡಕಶಿರಾ ಇವು ಮದ್ರಾಸು ಪ್ರಾಂತದಲ್ಲಿದ್ದುವು. ಅಕ್ಕಲಕೋಟೆ, ಜತ್ತಗಳು ಸಂಸ್ಥಾನಗಳು, ಪಶ್ಚಿಮ ತೆಲಂಗಾಣವು ನಿಜಾಮರದು, ಗೋವೆ ಪೋರ್ತುಗೀಜರದು. ಆದುದರಿಂದ ಎಲ್ಲರಿಗೂ ಸಲ್ಲುವ ಒಂದೇ ಲೆಕ್ಕದ ಪುಸ್ತಕವನ್ನು ಹುಡುಕಿದರೆ ಸಿಕ್ಕಲಾರದು. ನಾವಿಲ್ಲಿ ಮುಖ್ಯವಾಗಿ ಮುಂಬಯಿ ಪ್ರಾಂತದ ಲೆಕ್ಕವನ್ನು ಆರಿಸಿಕೊಂಡಿದ್ದೇವೆ. ಸೊಲ್ಲಾಪುರವೂ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಸೀಮೆಗಳೂ ಅಂದು ಆ ಪ್ರಾಂತಕ್ಕೆ ಸೇರಿದ್ದುವು. ಪಿಡುಗಿನ ದಾಖಲೆಗಳೂ ಅಲ್ಲಿ ಸಾಕಷ್ಟು ಸ್ಪಷ್ಟವಾಗಿವೆ.

ಕಥೆಯನ್ನು ಸ್ವಲ್ಪ ಹಿಂದಿನಿಂದ ಆರಂಭಿಸಬೇಕು. ೧೮೯೬ರಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಮರುವರ್ಷ ಫೆಬ್ರವರಿಯಲ್ಲಿ ಸರ್ಕಾರವು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಅವಸರದಿಂದ ಜಾರಿಗೆ ತಂದಿತು. ಮನೆಗಳ ತಪಾಸಣೆ, ಪ್ರಯಾಣಿಕರ ತಡೆ, ಪುಣೆಯಲ್ಲಿ ನಡೆದ ಬಲಾತ್ಕಾರ, ಅದರಿಂದ ಹುಟ್ಟಿದ ಕ್ರೋಧ ಇವೆಲ್ಲ ನಮ್ಮ ಪಠ್ಯಪುಸ್ತಕಗಳಲ್ಲಿ ಬಂದಿವೆ. ಆದರೆ ಆ ಕಾಯಿದೆಯ ಎರಡನೆಯ ಕಲಮಿನಲ್ಲಿರುವ ಒಂದು ಸಣ್ಣ ಮಾತು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಪಿಡುಗಿನ ನಿಮಿತ್ತ ಆದ ವೆಚ್ಚವನ್ನು ಯಾವ ರೀತಿಯಲ್ಲಿ, ಯಾರು ಭರಿಸಬೇಕೆಂಬುದನ್ನು ಸರ್ಕಾರವೇ ಗೊತ್ತುಪಡಿಸಬಹುದೆಂದು ಅದರಲ್ಲಿದೆ. ಅಂದರೆ ನಮ್ಮ ನಾಲ್ಕನೆಯ ಪ್ರಶ್ನೆಯು ಕಾಯಿದೆಯೊಳಗೇ ಇತ್ತು; ಉತ್ತರವನ್ನು ಮಾತ್ರ ಅಧಿಕಾರಿಗಳ ವಿವೇಚನೆಗೆ ಬಿಡಲಾಗಿತ್ತು. ವಾಸ್ತವದಲ್ಲಿ ಪ್ಲೇಗಿನ ವೆಚ್ಚದ ದೊಡ್ಡ ಪಾಲು ಊರಿನ ಮುನಸಿಪಾಲಿಟಿಗಳ ಮೇಲೆ ಬಿದ್ದಿತು. ಆ ಪ್ರಾಂತದ ಅನೇಕ ಊರುಗಳಲ್ಲಿ ಮುನಸಿಪಾಲಿಟಿಯ ಮುಖ್ಯ ಆದಾಯವೆಂದರೆ ಜಕಾತಿ. ಊರೊಳಗೆ ಬರುವ ಕಾಳುಕಡಿ, ತುಪ್ಪ, ಕಟ್ಟಿಗೆಗಳ ಮೇಲಿನ ಜಕಾತಿಯನ್ನು ಕಟ್ಟುವವನು ವ್ಯಾಪಾರಿಯಾದರೂ ಅದನ್ನು ಕೊನೆಗೆ ತೆರುವವನು ಸಂತೆಯಲ್ಲಿ ಸೇರು ಜೋಳ ಕೊಳ್ಳುವವನೇ ಎಂಬುದನ್ನು ಶಿಕ್ಷಕ ಬಂಧುಗಳಿಗೆ ಬಿಡಿಸಿ ಹೇಳಬೇಕಾದುದಿಲ್ಲ.

೧೯೧೮ರ ಜೂನ್ ತಿಂಗಳಲ್ಲಿ ಇನ್‌ಫ್ಲುಯೆಂಜಾ ಮುಂಬಯಿ ಬಂದರಿನಲ್ಲಿ ಮೊದಲು ತಲೆದೋರಿತು. ಬಂದರಿನ ಪೋಲೀಸು ಸಿಪಾಯಿಗಳು ಮೊದಮೊದಲ ರೋಗಿಗಳಲ್ಲಿ ಸೇರಿದ್ದರು. ಮೊದಲ ಅಲೆ ಸೌಮ್ಯವಾಗಿದ್ದಿತು. ಸೆಪ್ಟೆಂಬರಿನಲ್ಲಿ ಎದ್ದ ಎರಡನೆಯ ಅಲೆ ಭಯಂಕರವಾಯಿತು. ಅಕ್ಟೋಬರ್ ೬ರ ಒಂದೇ ದಿನ ಮುಂಬಯಿ ನಗರದಲ್ಲಿ ೭೬೮ ಮಂದಿ ಸತ್ತರು. ಅಲ್ಲಿಂದ ರೈಲಿನ ದಾರಿ ಹಿಡಿದು ರೋಗವು ಒಳನಾಡಿಗೆ ಇಳಿಯಿತು. ಪ್ರಾಂತದಲ್ಲಿ ಒಟ್ಟು ಸತ್ತವರು ಹತ್ತು ಲಕ್ಷಕ್ಕೂ ಮಿಕ್ಕಿದರು. ಭಾರತದ ಮರಣಸಂಖ್ಯೆಯನ್ನು ಸರ್ಕಾರದ ಆರೋಗ್ಯಾಧಿಕಾರಿಗಳು ಮೊದಲಿಗೆ ಸುಮಾರು ೬೦ ಲಕ್ಷವೆಂದು ಎಣಿಸಿದರು. ಅದು ತೀರ ಕಡಿಮೆಯೆಂದು ಮುಂದೆ ತಿಳಿದುಬಂತು. ಇತ್ತೀಚಿನ ವಿದ್ವಾಂಸರ ಅಂದಾಜುಗಳು ಸಾಮಾನ್ಯವಾಗಿ ೧ ಕೋಟಿ ೨೦ ಲಕ್ಷದಿಂದ ೧ ಕೋಟಿ ೮೦ ಲಕ್ಷದವರೆಗೆ ಇವೆ. ೧೯೧೧ರಿಂದ ೧೯೨೧ರವರೆಗಿನ ಹತ್ತು ವರ್ಷಗಳಲ್ಲಿ ಭಾರತದ ಜನಸಂಖ್ಯೆ ಶೇಕಡಾ ೧.೨ರಷ್ಟು ಮಾತ್ರ ಬೆಳೆದುದಕ್ಕೆ ಇದೇ ಪ್ರಧಾನ ಕಾರಣ.

ಈಗ ಸತ್ತವರು ಯಾರೆಂಬುದನ್ನು ನೋಡೋಣ. ಮುಂಬಯಿ ನಗರದಲ್ಲಿ ಇನ್‌ಫ್ಲುಯೆಂಜಾದಿಂದ ಸಾವಿರಕ್ಕೆ ಎಷ್ಟು ಮಂದಿ ಸತ್ತರೆಂಬ ಲೆಕ್ಕವನ್ನು ಆಗಿನ ಅಧಿಕಾರಿಗಳು ಸಮುದಾಯವಾರು ಇಟ್ಟಿದ್ದರು. ಯುರೋಪಿಯನ್ನರಲ್ಲಿ ೮.೩, ಪಾರ್ಸಿಗಳಲ್ಲಿ ೯, ಮುಸಲ್ಮಾನರಲ್ಲಿ ೧೯.೨, ಸವರ್ಣ ಹಿಂದೂಗಳಲ್ಲಿ ೧೮.೯, ಕೆಳಜಾತಿಯವರೆಂದು ಅಂದಿನ ದಾಖಲೆ ಕರೆದ ಜನರಲ್ಲಿ ೬೧.೬. ಒಂದೇ ನಗರ, ಒಂದೇ ರೋಗ, ಒಂದೇ ಋತು. ಆದರೂ ಯುರೋಪಿಯನ್ನರಿಗಿಂತ ಏಳು ಪಾಲಿಗೂ ಹೆಚ್ಚಾಗಿ ದಲಿತರು ಸತ್ತರು. ಈ ಪಟ್ಟಿ ಜಾತಿ ಮತಗಳ ಪಟ್ಟಿಯೇ ಹೊರತು ಆದಾಯದ ಪಟ್ಟಿಯಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದುದೇ. ಆದರೆ ಅಂದಿನ ಮುಂಬಯಿಯಲ್ಲಿ ಯಾರು ಗಾಳಿಬೆಳಕಿನ ಬಂಗಲೆಯಲ್ಲಿದ್ದರು, ಯಾರು ಹತ್ತಾರು ಮಂದಿ ಒಂದೇ ಕೋಣೆಯಲ್ಲಿದ್ದರು ಎಂಬುದನ್ನು ನೆನೆದರೆ ಜಾತಿಯ ಪಟ್ಟಿಯೂ ಬಡತನದ ಪಟ್ಟಿಯೂ ಬಹುಮಟ್ಟಿಗೆ ಒಂದರ ಮೇಲೊಂದು ಕೂಡುತ್ತವೆ. ಸತ್ತವರಲ್ಲಿ ಇಪ್ಪತ್ತರಿಂದ ನಾಲ್ವತ್ತರ ವಯಸ್ಸಿನವರು ಬಹಳ. ಗಂಡಸರಿಗಿಂತ ಹೆಂಗಸರು ಹೆಚ್ಚು. ಮನೆಯವರ ಆರೈಕೆ ಮಾಡಿ, ಮಿಕ್ಕುದನ್ನು ತಾನುಂಡ ತಾಯಂದಿರನ್ನು ಆ ಅಂಕೆಗಳಲ್ಲಿ ಕಾಣಬಹುದು. ರೋಗಾಣುವಿಗೆ ಬಡವ ಬಲ್ಲಿದನೆಂಬ ಭೇದವಿಲ್ಲವೆನ್ನುವುದು ಸೋಂಕಿನ ಮಟ್ಟಿಗೆ ನಿಜವಿರಬಹುದು. ಸಾವಿನ ಮಟ್ಟಿಗೆ ನಿಜವಲ್ಲ.

ಇನ್ನು ಹಣದ ಲೆಕ್ಕ. ಅಂದಿನ ಸರ್ಕಾರದ ಆದಾಯಕ್ಕೆ ಭೂಕಂದಾಯ, ಉಪ್ಪಿನ ಕರ, ಅಬಕಾರಿ ಇವು ದೊಡ್ಡ ಆಧಾರಗಳಾಗಿದ್ದುವು. ವರಮಾನ ತೆರಿಗೆಗೆ ಒಂದು ವಿನಾಯಿತಿಯ ಗೆರೆಯಿತ್ತು. ವರ್ಷಕ್ಕೆ ಸಾವಿರ ರೂಪಾಯಿಗಿಂತ ಕಡಿಮೆ ಗಳಿಸುವವನು ಅದನ್ನು ಕೊಡಬೇಕಾಗಿರಲಿಲ್ಲ. ಭೂಕಂದಾಯಕ್ಕೆ ಅಂಥ ಗೆರೆಯಿಲ್ಲ. ನೂರು ಎಕರೆಯವನಂತೆ ಎರಡೆಕರೆಯವನೂ ಎಕರೆ ಲೆಕ್ಕದಲ್ಲಿ ಕಟ್ಟಬೇಕು. ಉಪ್ಪಿನ ಕರವನ್ನು ೧೯೧೬ರಲ್ಲಿ ಮಣಕ್ಕೆ ಒಂದು ರೂಪಾಯಿಯಿಂದ ಒಂದೂಕಾಲು ರೂಪಾಯಿಗೆ ಏರಿಸಿದರು. ಗಿರಣಿಯ ಮಾಲಿಕನೂ ಗಿರಣಿಯ ಕೂಲಿಯೂ ತಿನ್ನುವ ಉಪ್ಪು ಹೆಚ್ಚುಕಡಮೆ ಒಂದೇ ತೂಕ. ಆದುದರಿಂದ ತೆರಿಗೆಯೂ ಒಂದೇ, ಆದರೆ ಹೊರೆ ಒಂದೇ ಅಲ್ಲ.

ಇದೇ ೧೯೧೮ರ ಮಾರ್ಚಿಯಿಂದ ಜೂನ್‌ವರೆಗೆ ಇದೇ ಪ್ರಾಂತದ ಖೇಡಾ ಜಿಲ್ಲೆಯಲ್ಲಿ ಗಾಂಧೀಜಿಯವರೂ ವಲ್ಲಭಭಾಯಿ ಪಟೇಲರೂ ನಡೆಸಿದ ಸತ್ಯಾಗ್ರಹವನ್ನು ನಾವು ಪ್ರತಿವರ್ಷವೂ ವರ್ಗದಲ್ಲಿ ಹೇಳುತ್ತೇವೆ. ಬೆಳೆ ನಾಲ್ಕಾಣೆಗಿಂತ ಕೆಳಗಿಳಿದರೆ ಕಂದಾಯದ ವಸೂಲಿಯನ್ನು ಮುಂದಕ್ಕೆ ಹಾಕಬೇಕೆಂಬ ನಿಯಮವನ್ನು ಪಾಲಿಸಿರೆಂಬುದೇ ಅಲ್ಲಿನ ರೈತರ ಬೇಡಿಕೆ. ಆ ಸತ್ಯಾಗ್ರಹ ಮುಗಿದ ತಿಂಗಳಿನಲ್ಲೇ ಮುಂಬಯಿಗೆ ಇನ್‌ಫ್ಲುಯೆಂಜಾ ಕಾಲಿಟ್ಟಿತು. ಅದೇ ವರ್ಷದ ಮುಂಗಾರೂ ಕೈಕೊಟ್ಟಿತು. ಧಾನ್ಯದ ಬೆಲೆ ಏರಿತು. ಈ ಎರಡು ಪಾಠಗಳನ್ನು ನಾವು ಬೇರೆ ಬೇರೆ ಅಧ್ಯಾಯಗಳಲ್ಲಿ ಕಲಿಸುತ್ತಿದ್ದೇವೆ. ಕಂದಾಯ ಕಟ್ಟಿ ಬರಿದಾದ ಮನೆಗೂ ಜ್ವರ ಬಂದು ಗಂಜಿಗಿಲ್ಲದ ಮನೆಗೂ ಸಂಬಂಧವಿದೆಯೆಂದು ತಿಳಿದ ಮೇಲೆ ಇವು ಒಂದೇ ಅಧ್ಯಾಯವಾಗಬೇಕಾಗುತ್ತದೆ.

ಹೀಗೆ ಬಂದ ಹಣ ಎಲ್ಲಿಗೆ ಹೋಯಿತು? ೧೯೧೭ರಲ್ಲಿ ಭಾರತ ಸರ್ಕಾರವು ಬ್ರಿಟನ್ನಿನ ಯುದ್ಧವೆಚ್ಚಕ್ಕಾಗಿ ಹತ್ತು ಕೋಟಿ ಪೌಂಡು, ಅಂದರೆ ಆಗಿನ ೧೫೦ ಕೋಟಿ ರೂಪಾಯಿಗಳನ್ನು ಕಾಣಿಕೆಯಾಗಿ ಒಪ್ಪಿಸಿತು. ಸರ್ಕಾರದ ವೈದ್ಯರಲ್ಲಿ ಬಹುಮಂದಿ ಸೈನ್ಯದೊಡನೆ ಹೋಗಿದ್ದರು. ಇಂಡಿಯನ್ ಮೆಡಿಕಲ್ ಸರ್ವಿಸೇ ಮೂಲತಃ ಸೈನ್ಯದ ಸೇವೆ. ಹಳ್ಳಿಯವನಿಗೆ ದವಾಖಾನೆಯೆಂದರೆ ತಾಲ್ಲೂಕಿನ ಊರಿನದು, ಅದೂ ಹಲವು ಹರದಾರಿ ದೂರ. ಆದುದರಿಂದ ಪಿಡುಗು ಬಂದಾಗ ಸರ್ಕಾರದ ಬಳಿ ಹೆಚ್ಚು ಉಪಾಯಗಳಿರಲಿಲ್ಲ.

ಇನ್ನೊಂದು ಪಕ್ಷವನ್ನೂ ಹೇಳುವುದು ನ್ಯಾಯ. ಶ್ರೀಮಂತರ ಮೇಲೆ ತೆರಿಗೆಯೇ ಇರಲಿಲ್ಲವೆಂದಲ್ಲ. ೧೯೧೬ರಲ್ಲಿ ವರಮಾನ ತೆರಿಗೆಗೆ ಮೆಟ್ಟಿಲು ಮೆಟ್ಟಿಲಾದ ದರಗಳು ಬಂದುವು. ೨೫,೦೦೦ ರೂಪಾಯಿಯೂ ಮೇಲ್ಪಟ್ಟೂ ಇದ್ದ ವರಮಾನಕ್ಕೆ ರೂಪಾಯಿಗೆ ಒಂದಾಣೆ. ೧೯೧೭ರಲ್ಲಿ ೫೦,೦೦೦ವನ್ನು ಮೀರಿದ ವರಮಾನಕ್ಕೆ ಮೇಲುತೆರಿಗೆ ಸೇರಿತು. ಆದರೆ ವ್ಯವಸಾಯದ ವರಮಾನಕ್ಕೆ ೧೮೮೬ರಿಂದಲೂ ವಿನಾಯಿತಿಯಿದ್ದುದರಿಂದ ದೊಡ್ಡ ಜಮೀನುದಾರನು ಇದರಿಂದ ಪಾರಾದನು. ಯುದ್ಧಕಾಲದಲ್ಲಿ ಬಟ್ಟೆಯ ಗಿರಣಿಗಳಿಗೆ ಬಂದ ಅಪಾರ ಲಾಭವನ್ನು ತಾಕುವ ಅಧಿಕ ಲಾಭದ ಕರ ೧೯೧೯ರಲ್ಲಿ ಬಂದಿತು, ಅದೂ ಒಂದು ವರ್ಷದ ಮಟ್ಟಿಗೆ. ಅಷ್ಟರಲ್ಲಿ ಯುದ್ಧವೂ ಮುಗಿದಿತ್ತು, ರೋಗದ ದೊಡ್ಡ ಅಲೆಯೂ ಇಳಿದಿತ್ತು.

ಸರ್ಕಾರ ಮಾಡಲಾಗದ ಕೆಲಸವನ್ನು ಸೇವಾಸಂಸ್ಥೆಗಳೂ ಜಾತಿಸಮುದಾಯಗಳ ಮಂಡಲಿಗಳೂ ಕೈಗೆತ್ತಿಕೊಂಡುವು. ಎನ್. ಎಂ. ಜೋಶಿಯವರು ೧೯೧೧ರಲ್ಲಿ ಕಟ್ಟಿದ ಸೋಶಿಯಲ್ ಸರ್ವಿಸ್ ಲೀಗಿನವರು ಮುಂಬಯಿಯ ಬಡ ಬೀದಿಗಳಲ್ಲಿ ಔಷಧ ಹಂಚಿದರು. ಆ ದಾನಿಗಳ, ಸ್ವಯಂಸೇವಕರ ಉಪಕಾರವನ್ನು ಕಿರಿದುಮಾಡುವ ಇಚ್ಛೆ ನಮಗಿಲ್ಲ. ಆದರೆ ದಾನವು ರೋಗ ಬಂದ ಮೇಲೆ ಹೊರಡುತ್ತದೆ, ಮನಸ್ಸಿದ್ದ ಕಡೆಗೆ ಹೋಗುತ್ತದೆ. ವೈದ್ಯನನ್ನು ತಯಾರುಮಾಡಲು ವರ್ಷಗಳು ಬೇಕು. ಶುದ್ಧ ನೀರಿನ ನಳಕ್ಕೆ, ಗಾಳಿಯಾಡುವ ಮನೆಗೆ ಅದಕ್ಕಿಂತಲೂ ಹೆಚ್ಚು ಕಾಲ ಬೇಕು. ಇವು ವರ್ಷವರ್ಷವೂ ತಪ್ಪದೆ ಬರುವ ತೆರಿಗೆಯಿಂದ ಆಗತಕ್ಕ ಕೆಲಸಗಳು.

ಪಿಡುಗಿನ ಮರುವರ್ಷ, ೧೯೧೯ರ ಸುಧಾರಣೆಗಳಲ್ಲಿ, ಸಾರ್ವಜನಿಕ ಆರೋಗ್ಯವನ್ನು ಪ್ರಾಂತಗಳ ಮಂತ್ರಿಗಳ ಕೈಗೆ ಒಪ್ಪಿಸಿದರು. ಅಧಿಕಾರ ಬಂದಿತು, ಹಣ ಬರಲಿಲ್ಲ. ಬೆಳೆಯತಕ್ಕ ಆದಾಯಗಳಾದ ವರಮಾನ ತೆರಿಗೆಯನ್ನೂ ಸುಂಕವನ್ನೂ ಕೇಂದ್ರವು ಇಟ್ಟುಕೊಂಡಿತು. ಅಷ್ಟೇ ಅಲ್ಲದೆ ಮೆಸ್ಟನ್ ಸಮಿತಿಯ ನಿರ್ಣಯದಂತೆ ಪ್ರಾಂತಗಳೇ ಕೇಂದ್ರಕ್ಕೆ ವರ್ಷಕ್ಕೆ ೯೮೩ ಲಕ್ಷ ರೂಪಾಯಿ ಸಲ್ಲಿಸಬೇಕಾಯಿತು. ಅದರಲ್ಲಿ ಮದ್ರಾಸಿನ ಪಾಲು ೩೪೮ ಲಕ್ಷ, ಮುಂಬಯಿಯದು ೫೬ ಲಕ್ಷ. ಪ್ರಾಂತಗಳಿಗೆ ಉಳಿದುದು ಭೂಕಂದಾಯ, ಅಬಕಾರಿ, ಸ್ಟಾಂಪುಗಳು. ಹೆಂಡ ಸಾರಾಯಿಗಳ ಹುಟ್ಟುವಳಿ ಇಳಿದರೆ ಶಾಲೆಗೂ ದವಾಖಾನೆಗೂ ಹಣವಿಲ್ಲವೆಂಬ ಇಕ್ಕಟ್ಟಿನಲ್ಲಿ ಮಂತ್ರಿಗಳು ಸಿಕ್ಕಿಕೊಂಡರು. ಫಲವೇನೆಂಬುದನ್ನು ೧೯೪೬ರ ಭೋರ್ ಸಮಿತಿಯ ವರದಿಯಲ್ಲಿ ಕಾಣಬಹುದು. ಸುಮಾರು ೬,೩೦೦ ಜನಕ್ಕೆ ಒಬ್ಬ ವೈದ್ಯ, ೪೩,೦೦೦ ಜನಕ್ಕೆ ಒಬ್ಬ ದಾದಿ. ಹಣ ಕೊಡಲಾಗದೆಂಬ ಕಾರಣದಿಂದ ಯಾರಿಗೂ ತಕ್ಕ ಚಿಕಿತ್ಸೆ ತಪ್ಪಬಾರದೆಂದು ಆ ಸಮಿತಿ ಸಾರಿತು.

ಸ್ವತಂತ್ರ ಭಾರತವು ಸಂಪತ್ತಿನ ಮೇಲೂ ತೆರಿಗೆ ಹಾಕಲು ಯತ್ನಿಸಿತು. ೧೯೫೩ರಲ್ಲಿ ಮೃತರ ಆಸ್ತಿಯ ಮೇಲಿನ ಎಸ್ಟೇಟ್ ಡ್ಯೂಟಿ, ೧೯೫೭ರಲ್ಲಿ ಅರ್ಥಶಾಸ್ತ್ರಜ್ಞ ಕಾಲ್ಡಾರರ ಸಲಹೆಯಂತೆ ಸಂಪತ್ತಿನ ತೆರಿಗೆ ಬಂದುವು. ಮೊದಲನೆಯದನ್ನು ೧೯೮೫ರಲ್ಲಿಯೂ ಎರಡನೆಯದನ್ನು ೨೦೧೫ರಲ್ಲಿಯೂ ತೆಗೆದುಹಾಕಲಾಯಿತು. ೨೦೧೩–೧೪ರಲ್ಲಿ ಸಂಪತ್ತಿನ ತೆರಿಗೆಯಿಂದ ಬಂದುದು ಇಡೀ ದೇಶಕ್ಕೆ ೧,೦೦೮ ಕೋಟಿ ರೂಪಾಯಿ ಮಾತ್ರ. ವಸೂಲಿಯ ಶ್ರಮಕ್ಕೆ ಫಲ ಸಾಲದೆಂದು ಸರ್ಕಾರ ವಾದಿಸಿತು. ಅದರ ಬದಲು ಕೋಟಿ ಮೀರಿದ ವರಮಾನದವರ ಮೇಲೆ ಶೇಕಡಾ ಎರಡರ ಹೆಚ್ಚುವರಿ ಸರ್‌ಚಾರ್ಜನ್ನು ಹಾಕಿತು. ಈ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ತೆರಿಗೆ ಕಡಿಮೆ ಬಂದುದು ಸಂಪತ್ತು ಕಡಿಮೆಯಿದ್ದುದರಿಂದಲ್ಲ ಎಂಬುದನ್ನೂ ಮರೆಯಬಾರದು.

೨೦೨೦ರಲ್ಲಿ ಕೊರೋನಾ ಬಂದಾಗ ಸರ್ಕಾರಗಳು ಮೊದಲು ಕೈಗೆತ್ತಿಕೊಂಡುದು ಅದೇ ೧೮೯೭ರ ಕಾಯಿದೆಯನ್ನು. ವೆಚ್ಚ ಯಾರದೆಂಬ ಹಳೆಯ ಪ್ರಶ್ನೆಯೂ ಅದರೊಡನೆ ಬಂದಿತು. ೨೦೨೧ರ ಮೇ ತಿಂಗಳಲ್ಲಿ ಹದಿನೆಂಟರಿಂದ ನಾಲ್ವತ್ತನಾಲ್ಕು ವಯಸ್ಸಿನವರ ಲಸಿಕೆಯನ್ನು ರಾಜ್ಯಗಳೇ ಕೊಳ್ಳಬೇಕೆಂದಾಯಿತು. ಜೂನ್ ೨೧ರಿಂದ ಆ ಹೊಣೆ ಮತ್ತೆ ಕೇಂದ್ರಕ್ಕೆ ಬಂದಿತು. ವೈದ್ಯಕೀಯ ಆಮ್ಲಜನಕದ ಮೇಲೆ ಶೇಕಡಾ ೧೨ರ ಸರಕು ಸೇವಾ ತೆರಿಗೆಯಿದ್ದು, ಎರಡನೆಯ ಅಲೆಯ ಉಚ್ಛ್ರಾಯ ಕಳೆದ ಮೇಲೆ, ಜೂನ್ ೧೨ರಂದು, ಅದನ್ನು ೫ಕ್ಕೆ ಇಳಿಸಿದರು. ಬಡವನ ಉಸಿರಿಗೂ ಧನಿಕನ ಉಸಿರಿಗೂ ಒಂದೇ ದರವಾದಾಗ ಹಳೆಯ ಉಪ್ಪಿನ ಕರ ನೆನಪಾಗುವುದು ಸಹಜ.

ಗಡಿನಾಡಿನವರಾದ ನಮಗೆ ಇನ್ನೊಂದು ಅನುಭವವೂ ಆಯಿತು. ೨೦೨೦ರ ಮಾರ್ಚಿಯ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ, ದೊಡ್ಡ ಚಿಕಿತ್ಸೆಗೆಲ್ಲ ಮಂಗಳೂರನ್ನೇ ನೆಚ್ಚಿದ್ದ ಕಾಸರಗೋಡಿನ ರೋಗಿಗಳಿಗೆ ದಾರಿಯಿಲ್ಲದಾಯಿತು. ಚಿಕಿತ್ಸೆ ಸಿಗದೆ ಕೆಲವರು ತೀರಿಕೊಂಡರೆಂದು ಪತ್ರಿಕೆಗಳು ವರದಿ ಮಾಡಿದುವು. ವಿಷಯವು ಕೇರಳದ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ, ಏಪ್ರಿಲ್ ೭ರ ಹೊತ್ತಿಗೆ ತುರ್ತು ರೋಗಿಗಳ ಮಟ್ಟಿಗೆ ಒಪ್ಪಂದವಾಯಿತು. ಇಲ್ಲಿ ಒಂದು ರಾಜ್ಯವನ್ನು ದೂರಿ, ಇನ್ನೊಂದನ್ನು ಹೊಗಳಿ ಪ್ರಯೋಜನವಿಲ್ಲ. ೨೦೧೩ರಲ್ಲಿ ಶಂಕುಸ್ಥಾಪನೆಯಾದ ಉಕ್ಕಿನಡ್ಕದ ಸರ್ಕಾರಿ ವೈದ್ಯಕೀಯ ಕಾಲೇಜಿನ ಕಟ್ಟಡದಲ್ಲಿ ೨೦೨೦ರ ಏಪ್ರಿಲಿನಲ್ಲಿ, ಪಿಡುಗಿನ ನಡುವೆ, ಅವಸರದಿಂದ ಆಸ್ಪತ್ರೆ ತೆರೆಯಬೇಕಾಯಿತು. ರಾಜಧಾನಿಗೆ ದೂರವಾದ ಸೀಮೆಗೆ ಆಸ್ಪತ್ರೆ ತಡವಾಗಿ ಬರುತ್ತದೆ. ತೆರಿಗೆಯ ಬೇಡಿಕೆ ಮಾತ್ರ ಎಲ್ಲ ಕಡೆಗೂ ಒಂದೇ ವೇಳೆಗೆ ಬರುತ್ತದೆ. ಧನವಂತನು ಗಡಿ ಮುಚ್ಚಿದರೂ ಬೇರೆ ದಾರಿ ಹುಡುಕಬಲ್ಲ. ಬಡವನಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯೇ ಗತಿ.

ಇಷ್ಟರಿಂದ ನಾವು ತಲುಪುವ ನಿರ್ಣಯ ಇದು: ಪಿಡುಗಿನಲ್ಲಿ ಯಾರು ಬದುಕುವರೆಂಬುದು ಬಹುಮಟ್ಟಿಗೆ ಪಿಡುಗಿಗೆ ಹತ್ತಿಪ್ಪತ್ತು ವರ್ಷ ಮೊದಲೇ, ಆಯವ್ಯಯದ ಪುಟಗಳಲ್ಲಿ ನಿಶ್ಚಯವಾಗಿರುತ್ತದೆ. ಯಾರಿಂದ ಎಷ್ಟು ತೆಗೆದುಕೊಂಡೆವು, ಯಾವ ಊರಿಗೆ ಎಷ್ಟು ಕೊಟ್ಟೆವು ಎಂಬ ಎರಡು ಮಾತುಗಳಲ್ಲಿ ಅದರ ಉತ್ತರವಿದೆ. ೨೦೧೭ರ ರಾಷ್ಟ್ರೀಯ ಆರೋಗ್ಯ ನೀತಿಯು ೨೦೨೫ರೊಳಗೆ ದೇಶದ ಉತ್ಪನ್ನದ ಶೇಕಡಾ ೨.೫ರಷ್ಟನ್ನು ಸರ್ಕಾರಗಳು ಆರೋಗ್ಯಕ್ಕೆ ವೆಚ್ಚಮಾಡಬೇಕೆಂದು ಗುರಿಯಿಟ್ಟಿತು. ಆ ಗುರಿಯನ್ನು ಅಳೆಯುವಾಗ ಒಟ್ಟು ಮೊತ್ತವನ್ನಷ್ಟೇ ನೋಡದೆ, ಅದು ಗಡಿಯ ತಾಲ್ಲೂಕುಗಳಿಗೆ ಮುಟ್ಟಿತೇ ಎಂಬುದನ್ನೂ ಕೇಳಬೇಕು.

ಕೊನೆಯದಾಗಿ ಶಿಕ್ಷಕ ಬಂಧುಗಳಲ್ಲಿ ಒಂದು ವಿಜ್ಞಾಪನೆ. ೧೯೧೮ರಲ್ಲಿ ಎಷ್ಟೋ ಹಳ್ಳಿಗಳಲ್ಲಿ ಜನನಮರಣಗಳನ್ನು ಬರೆಯಬೇಕಾದ ಗ್ರಾಮಾಧಿಕಾರಿಗಳೇ ಮಲಗಿದ್ದುದರಿಂದ ಅನೇಕ ಸಾವುಗಳು ದಾಖಲೆಗೆ ಬರಲಿಲ್ಲ. ಆದರೆ ನೂರು ವರ್ಷ ಕಂಡ ಶಾಲೆಗಳು ನಮ್ಮ ಸೀಮೆಗಳಲ್ಲಿವೆ. ಅಂಥ ಶಾಲೆಗಳಲ್ಲಿ ೧೯೧೮–೧೯ರ ದಾಖಲಾತಿ ಪುಸ್ತಕ, ಹಾಜರಿ ಪುಸ್ತಕಗಳು ಉಳಿದಿದ್ದರೆ, ದೀಪಾವಳಿಯ ಆಚೆಗೆ ಯಾವ ಮಕ್ಕಳ ಹೆಸರು ಕಾಣುವುದಿಲ್ಲ, ಅವರ ತಂದೆಯ ಕಸುಬು ಏನೆಂದು ಬರೆದಿದೆ ಎಂಬುದನ್ನು ನಕಲು ಮಾಡಿಡಬಹುದು. ಸೊಲ್ಲಾಪುರದ ಒಂದು ಶಾಲೆ, ಆದವಾನಿಯ ಒಂದು ಶಾಲೆ, ಕಾಸರಗೋಡಿನ ಒಂದು ಶಾಲೆ ಈ ಕೆಲಸ ಮಾಡಿದರೂ ಎರಡು ಆಡಳಿತಗಳ ಮೂರು ಲೆಕ್ಕಗಳು ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ಹುಳು ತಿನ್ನುವ ಮೊದಲು ಆ ಪುಟಗಳನ್ನು ತೆರೆದು ನೋಡುವ ಕೆಲಸ ನಮ್ಮದು.