ಮೇಯರ ಪೀಠದ ಅವಧಿ ಮತ್ತು ಮರು ಆಯ್ಕೆಯ ಪ್ರಶ್ನೆ

2020ರ ಡಿಸೆಂಬರಿನಲ್ಲಿ ನಡೆದ ಚುನಾವಣೆಗಳ ತರುವಾಯ ನಮ್ಮ ಗ್ರಾಮಪಂಚಾಯತಿಗಳ ಅಧ್ಯಕ್ಷರಿಗೆ ಶಾಸನವು 30 ತಿಂಗಳ ಅವಧಿಯನ್ನು ಗೊತ್ತುಪಡಿಸಿತು. ಹನೂರು ತಾಲ್ಲೂಕಿನ ಶಾಗ್ಯಕ್ಕೂ ಅದೇ ನಿಯಮ. ನೆರೆಯ ಕೊಳ್ಳೇಗಾಲದ ನಗರಸಭೆಯ ಅಧ್ಯಕ್ಷಪದವಿಗೂ 30 ತಿಂಗಳೇ. ಆದರೆ ಅದೇ ಕಾಲದಲ್ಲಿ ಮೈಸೂರು, ಬಳ್ಳಾರಿ, ಮಂಗಳೂರುಗಳಂತಹ ದೊಡ್ಡ ಪಟ್ಟಣಗಳ ಮೇಯರರಿಗೆ 1976ರ ಪೌರನಿಗಮಗಳ ಅಧಿನಿಯಮದ ಮೇರೆಗೆ ದೊರೆತುದು ಕೇವಲ ಒಂದು ವರ್ಷ. ಊರು ಹಿರಿದಾದಷ್ಟೂ ಅದರ ಪ್ರಥಮ ಪ್ರಜೆಯ ಕಾಲ ಕಿರಿದಾಗುವ ಈ ವೈಚಿತ್ರ್ಯವು ಎಲ್ಲಿಂದ ಬಂದಿತೆಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಚಾರಕ್ಕೆ ಬಳ್ಳಾರಿಯ ನಿದರ್ಶನವು ಒಳ್ಳೆಯ ಪ್ರವೇಶದ್ವಾರ. 2023ರ ಮಾರ್ಚ್ 29ರಂದು ಅಲ್ಲಿಯ ಮಹಾನಗರಪಾಲಿಕೆಯು 23 ವರ್ಷ ವಯಸ್ಸಿನ ಡಿ. ತ್ರಿವೇಣಿಯವರನ್ನು 28 ಮತಗಳಿಂದ ಮೇಯರರನ್ನಾಗಿ ಆರಿಸಿತು. ರಾಜ್ಯದಲ್ಲಿ ಇಷ್ಟು ಕಿರಿಯರು ಆ ಪೀಠವನ್ನೇರಿದ್ದು ಅದೇ ಮೊದಲೆಂದು ಪತ್ರಿಕೆಗಳು ಕೊಂಡಾಡಿದವು. ಅವರ ತಾಯಿಯೂ ಹಿಂದೆ ಅದೇ ಪೀಠದಲ್ಲಿದ್ದವರು. ಇಲ್ಲಿ ಗಮನಿಸಬೇಕಾದುದು ವಯಸ್ಸಿಗಿಂತ ಹೆಚ್ಚಾಗಿ ಆ ದಿನಾಂಕ. ಮೂರನೆಯ ದಿನ ಕಳೆದರೆ ಹೊಸ ಆರ್ಥಿಕ ವರ್ಷ. ಆ ವರ್ಷದ ಕೆಲಸಗಳಿಗೆ ತಾವು ರೂಪಿಸಿದ ಆಯವ್ಯಯವೆಂಬುದು ಅವರ ಕೈಯಲ್ಲಿರುವುದು ಅಸಾಧ್ಯ. 2024ರಲ್ಲಿ ಆ ಪೀಠಕ್ಕೆ ಮತ್ತೊಬ್ಬ ಸದಸ್ಯೆ ಬಂದರು. ಇಪ್ಪತ್ತಮೂರರ ಹರೆಯದಲ್ಲಿ ಆರಂಭಿಸಿದವರು ಮರು ಆಯ್ಕೆಯನ್ನು ಬಯಸಿ, ಕೆಲಸದ ಲೆಕ್ಕವನ್ನು ಮುಂದಿಟ್ಟು ಮತ ಕೇಳುವ ಪ್ರಸಂಗವೇ ಈ ಏರ್ಪಾಡಿನಲ್ಲಿ ಬಾರದು. ಮೀಸಲಾತಿಯ ವರ್ಗವು ಸರದಿಯಂತೆ ಬದಲಾಗುತ್ತದೆ. ಪಕ್ಷದೊಳಗಿನ ಒಪ್ಪಂದಗಳು ಉಳಿದುದನ್ನು ತೀರ್ಮಾನಿಸುತ್ತವೆ.

ಒಂದು ವರ್ಷದ ಮೇಯರ ಪದ್ಧತಿಯು ಇಂಗ್ಲೆಂಡಿನಿಂದ ಬಂದುದು. ಆದರೆ ಅದರ ಮೂಲದಲ್ಲಿ ಒಂದು ಅನುಕೂಲವಿತ್ತು: ಸಭೆಯು ಒಪ್ಪಿದರೆ ಅದೇ ವ್ಯಕ್ತಿಯನ್ನು ಮತ್ತೆ ಮತ್ತೆ ಆರಿಸಬಹುದಾಗಿತ್ತು. ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಜೋಸೆಫ್ ಚೇಂಬರ್ಲೇನ್ 1873ರಲ್ಲಿ, ತನ್ನ 37ನೆಯ ವಯಸ್ಸಿನಲ್ಲಿ, ಮೇಯರನಾದನು. 1874 ಮತ್ತು 1875ರಲ್ಲಿ ಮರಳಿ ಆಯ್ಕೆಯಾದನು. ಖಾಸಗಿ ಕಂಪನಿಗಳ ಕೈಯಲ್ಲಿದ್ದ ಅನಿಲ ಮತ್ತು ನೀರಿನ ಸರಬರಾಜನ್ನು ನಗರದ ಸ್ವತ್ತಾಗಿ ಮಾಡಿದುದೂ, ಕೊಳಕು ಕೇರಿಗಳನ್ನು ತೆಗೆದು ನಗರವನ್ನು ತಿದ್ದುವ ಯೋಜನೆಯನ್ನು ಹೂಡಿದುದೂ ಈ ಮೂರು ಅವಧಿಗಳಲ್ಲಿಯೇ. ಮೊದಲ ವರ್ಷದ ಕೊನೆಗೆ ಅವನನ್ನು ಇಳಿಸಿದ್ದರೆ ಅವನ ಹೆಸರನ್ನು ಇಂದು ಯಾರು ನೆನೆಯುತ್ತಿದ್ದರು?

ನಮ್ಮ ದೇಶಕ್ಕೆ ಬರುವಾಗ ಈ ಪದ್ಧತಿಯ ತಿರುಳು ಬದಲಾಯಿತು. 1882ರ ಮೇ ತಿಂಗಳಲ್ಲಿ ಲಾರ್ಡ್ ರಿಪ್ಪನ್ನನ ನಿರ್ಣಯವು ಸ್ಥಳೀಯ ಸ್ವರಾಜ್ಯವನ್ನು ಜನಶಿಕ್ಷಣದ ಸಾಧನವೆಂದು ಎತ್ತಿಹಿಡಿಯಿತಾದರೂ, 1888ರ ಮುಂಬಯಿ ಪೌರಶಾಸನವು ಕಾರ್ಯಾಧಿಕಾರವನ್ನು ಸರ್ಕಾರವು ನೇಮಿಸುವ ಕಮಿಷನರನಿಗೆ ಒಪ್ಪಿಸಿತು. ಸಭೆಯ ಅಧ್ಯಕ್ಷನಿಗೆ ಉಳಿದುದು ಸಭಾಪತ್ಯ ಮತ್ತು ಗೌರವ. ಮುಂದೆ ಬೇರೆ ನಗರಗಳೂ ಬಹುಮಟ್ಟಿಗೆ ಇದೇ ಅಚ್ಚಿನಲ್ಲಿ ಎರಕಗೊಂಡವು.

ಸಣ್ಣ ಊರುಗಳ ದಾರಿ ಬೇರೆಯಾಗಿತ್ತು. ಕೊಳ್ಳೇಗಾಲ ಸೀಮೆಯು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತೆಂಬುದನ್ನು ಇಲ್ಲಿ ಸ್ಮರಿಸಬೇಕು. ಅದೇ ಜಿಲ್ಲೆಯ ಈರೋಡು ಪುರಸಭೆಗೆ ಕನ್ನಡ ಮನೆಮಾತಿನ ಕುಟುಂಬದ ಇ. ವಿ. ರಾಮಸ್ವಾಮಿಯವರು, ಮುಂದೆ ಪೆರಿಯಾರ್ ಎಂದು ಪ್ರಸಿದ್ಧರಾದವರು, ನಲವತ್ತು ತುಂಬುವ ಮೊದಲೇ ಅಧ್ಯಕ್ಷರಾಗಿದ್ದರು. ಪಕ್ಕದ ಸೇಲಂ ಪುರಸಭೆಗೆ 1917ರಲ್ಲಿ ರಾಜಗೋಪಾಲಾಚಾರಿಯವರು ಅಧ್ಯಕ್ಷರಾದರು. ಇವರಿಬ್ಬರ ಸ್ನೇಹವು ಬೆಳೆದುದು ಈ ಪುರಸಭಾ ಕಾಲದಲ್ಲಿಯೇ. ಆಗ ಮದರಾಸು ಪ್ರಾಂತದ ಪುರಸಭಾಧ್ಯಕ್ಷನು ಬರಿಯ ಸಭಾಪತಿಯಲ್ಲ. ನಲ್ಲಿ, ಚರಂಡಿ, ಸಿಬ್ಬಂದಿ ಎಲ್ಲವೂ ಅವನ ಆಜ್ಞೆಗೆ ಒಳಪಟ್ಟಿದ್ದವು. ಇಬ್ಬರೂ ದೇಶದ ಹೋರಾಟಕ್ಕೆಂದು ಪದವಿಯನ್ನು ತಾವಾಗಿ ಬಿಟ್ಟರು. ಬಿಡುವುದಕ್ಕೆ ಅರ್ಥವಿರಬೇಕಾದರೆ ಕೈಯಲ್ಲಿ ಏನಾದರೂ ಇರಬೇಕಷ್ಟೆ.

ಬೆಂಗಳೂರಿನಲ್ಲಿ 1949ರಲ್ಲಿ ನಗರ ಮತ್ತು ದಂಡುಪ್ರದೇಶದ ಪುರಸಭೆಗಳು ಒಂದಾಗಿ ಕಾರ್ಪೊರೇಷನ್ ಸ್ಥಾಪಿತವಾಯಿತು, ಆರ್. ಸುಬ್ಬಣ್ಣನವರು ಮೊದಲ ಮೇಯರರಾದರು. ನಗರವು ಬೆಳೆದಂತೆ ಮೇಯರರ ಪಾಲಿನ ಕೆಲಸಗಳು ಒಂದೊಂದಾಗಿ ಕೈತಪ್ಪಿದವು. 1964ರಲ್ಲಿ ನೀರು ಮತ್ತು ಒಳಚರಂಡಿಗಳು ಪ್ರತ್ಯೇಕ ಮಂಡಲಿಗೆ, 1976ರಲ್ಲಿ ನಗರಯೋಜನೆಯು ಅಭಿವೃದ್ಧಿ ಪ್ರಾಧಿಕಾರಕ್ಕೆ ಹೋದವು. ಆಯವ್ಯಯವನ್ನು ಮಂಡಿಸುತ್ತಿದ್ದವರೂ ಮೇಯರರಲ್ಲ, ತೆರಿಗೆ ಮತ್ತು ಹಣಕಾಸಿನ ಸ್ಥಾಯೀಸಮಿತಿಯ ಅಧ್ಯಕ್ಷರು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಸಭೆಗೆ 5 ವರ್ಷಗಳ ಆಯುಸ್ಸನ್ನು ವಿಧಿಸಿತು. 18 ವಿಷಯಗಳ ಪಟ್ಟಿಯನ್ನೂ ಕೊಟ್ಟಿತು. ಆದರೆ ಅಧ್ಯಕ್ಷನನ್ನು ಆರಿಸುವ ಬಗೆಯನ್ನು ರಾಜ್ಯಗಳ ಇಚ್ಛೆಗೇ ಬಿಟ್ಟಿತು. ಬೆಂಗಳೂರಿನ ಮಟ್ಟಿಗೆ 2020ರ ಶಾಸನವು ಮೇಯರರ ಅವಧಿಯನ್ನು 30 ತಿಂಗಳಿಗೆ ಏರಿಸಿದುದು ಸ್ವಾಗತಾರ್ಹವೇ. ದುರದೃಷ್ಟವೆಂದರೆ ಆ ವರ್ಷದ ಸೆಪ್ಟೆಂಬರಿನಲ್ಲಿ ಸಭೆಯ ಕಾಲ ಮುಗಿದು, 2025ರ ಸೆಪ್ಟೆಂಬರಿನಲ್ಲಿ ನಗರವು ಐದು ಪಾಲಿಕೆಗಳಾಗಿ ಒಡೆಯುವವರೆಗೂ ಚುನಾವಣೆಯೇ ಆಗಲಿಲ್ಲ. ಅವಧಿ ಹೆಚ್ಚಿತು, ಕೂರುವವರಿಲ್ಲವಾದರು.

ಇದಕ್ಕೆ ಪ್ರತಿವಾದವೂ ಉಂಟು, ಅದು ಲಘುವಾದುದಲ್ಲ. ಪೀಠವು ವರ್ಷವರ್ಷವೂ ತಿರುಗಿದುದರಿಂದಲೇ ಸ್ತ್ರೀಯರೂ ಪರಿಶಿಷ್ಟ ವರ್ಗಗಳವರೂ ಅದನ್ನು ಬೇಗ ಕಂಡರು. ಅವಧಿ ದೀರ್ಘವಾಗಿದ್ದಲ್ಲಿ ಬಲಿಷ್ಠರ ಮನೆತನಗಳೇ ಅದನ್ನು ಹಿಡಿದಿಟ್ಟುಕೊಳ್ಳುತ್ತಿದ್ದವೆಂಬ ಮಾತು. ಈ ಲೇಖಕನು ಅದನ್ನು ಅರ್ಧ ಒಪ್ಪುತ್ತಾನೆ. ಸರದಿಯು ಬಾಗಿಲನ್ನು ತೆರೆದುದು ನಿಜ. ಆದರೆ ಒಳಗೆ ಬಂದವರಿಗೆ ಕಡತಗಳನ್ನು ಓದಿ ಮುಗಿಸುವಷ್ಟು ಕಾಲವನ್ನೂ ಕೊಡಲಿಲ್ಲ. ಸರದಿಯನ್ನು ಉಳಿಸಿಕೊಂಡೇ ಪ್ರತಿಯೊಬ್ಬರ ಕಾಲವನ್ನು ಹೆಚ್ಚಿಸಬಹುದೆಂಬುದಕ್ಕೆ ಮೀಸಲಾತಿ ಮತ್ತು 30 ತಿಂಗಳು ಎರಡನ್ನೂ ಒಟ್ಟಿಗೆ ನಡೆಸಿದ ಗ್ರಾಮಪಂಚಾಯತಿಗಳೇ ಸಾಕ್ಷಿ.

ಬಳ್ಳಾರಿಯಂತಹ ಊರಿನ ಮೇಯರರ ಮುಂದಿರುವ ಕೆಲಸಗಳಾದರೂ ಎಂತಹವು! ಸ್ವಯಂಘೋಷಿತ ಆಸ್ತಿತೆರಿಗೆಯ ವಸೂಲಿ, ಬೇಸಗೆಯ ನೀರು, ಕಸದ ವಿಲೇವಾರಿ, ಪೌರಕಾರ್ಮಿಕರ ನೇಮಕ: ಒಂದೂ ಒಂದು ವರ್ಷದಲ್ಲಿ ಮುಗಿಯತಕ್ಕುದಲ್ಲ. ಒಂದು ಕೊಳವೆಮಾರ್ಗಕ್ಕೆ ಅಂದಾಜುಪಟ್ಟಿ, ಮಂಜೂರಾತಿ, ಟೆಂಡರು ಮುಗಿದು ಅಗೆತಕ್ಕೆ ತೊಡಗುವ ವೇಳೆಗೆ ಮಂಜೂರು ಮಾಡಿಸಿದವರು ಹಿಂದಿನ ಸಾಲಿನ ಸದಸ್ಯರಾಗಿರುತ್ತಾರೆ; ಅಗೆದ ರಸ್ತೆಯ ಧೂಳಿನ ದೂರುಗಳಿಗೆ ಉತ್ತರ ಹೇಳಬೇಕಾದವರು ಹೊಸದಾಗಿ ಪೀಠವೇರಿದವರು.