ಸೌತೆಕಾಯಿಯ ಎರಡನೆಯ ಸಿಪ್ಪೆ

ಮೊನ್ನೆ ತರಕಾರಿಗೆಂದು ಹೋದವನು ಎರಡು ಸೌತೆಕಾಯಿ ಕೇಳಿದೆ. ಅಂಗಡಿಯ ಹುಡುಗ ನಾಲ್ಕನ್ನು ಒಟ್ಟಿಗೆ ಇಟ್ಟು ತೆಳುಹಾಳೆ ಬಿಗಿದಿದ್ದ ತಟ್ಟೆಯೊಂದನ್ನು ಮುಂದೆ ಚಾಚಿ, "ಬಿಡಿಯಾಗಿ ಕೊಡಲ್ಲ ಸಾರ್" ಎಂದ. ಮನೆಯಲ್ಲಿ ನಾವಿಬ್ಬರೇ. ಉಳಿದೆರಡರ ಗತಿಯನ್ನು ಹೇಳಬೇಕಾಗಿಲ್ಲ. ದೇವರು ಕೊಟ್ಟ ಸಿಪ್ಪೆಯ ಮೇಲೆ ಈ ಎರಡನೆಯ ಸಿಪ್ಪೆ ಎಂದು ಬಂತು ಎಂಬ ಜಿಜ್ಞಾಸೆ ನನಗೆ ಅಂದಿನಿಂದ ಹತ್ತಿಕೊಂಡಿತು.

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆ ಆರಂಭವಾದ 1928ರಲ್ಲಿ ಪಾಲಿಥೀನ್ ಹುಟ್ಟಿಯೇ ಇರಲಿಲ್ಲ. ಮೇದರು ಹೆಣೆದ ಬಿದಿರು ಬುಟ್ಟಿ, ಮಾವಿಗೆ ಒಣಹುಲ್ಲು, ಸೊಪ್ಪಿನ ಕಟ್ಟಿಗೆ ಬಾಳೆನಾರು, ಹೂವಿಗೆ ಬಾಳೆಯೆಲೆ. ಬುಟ್ಟಿಯ ತಳದ ಹಣ್ಣು ಜಜ್ಜಿಹೋಗುತ್ತಿತ್ತು, ನಿಜ. ಕೊಳ್ಳುವವರ ಕೈಯಲ್ಲಿ ಬಟ್ಟೆಯ ಚೀಲವಿರುತ್ತಿತ್ತು. ನಮ್ಮ ತಂದೆಯವರು ಚೀಲ ಮರೆತರೆ ಅರ್ಧ ದಾರಿಯಿಂದ ಹಿಂದಿರುಗುತ್ತಿದ್ದರು. ಅಡಿಗೆ ಆಲೂಗಡ್ಡೆ, ಮೇಲೆ ಟೊಮೇಟೊ ಎಂಬುದು ನಮಗೆಲ್ಲ ಅವರು ಕಲಿಸಿದ ಮೊದಲ ಶಾಸ್ತ್ರ.

1933ರಲ್ಲಿ ಇಂಗ್ಲೆಂಡಿನ ನಾರ್ತ್‌ವಿಚ್‌ನಲ್ಲಿ ಫಾಸೆಟ್ ಮತ್ತು ಗಿಬ್ಸನ್ ಬೇರೇನನ್ನೋ ಮಾಡಹೊರಟಾಗ ಪಾತ್ರೆಯಲ್ಲಿ ಮೇಣದಂಥ ಬಿಳಿಯ ವಸ್ತು ಉಳಿಯಿತು. ಅದೇ ಪಾಲಿಥೀನ್. ಎರಡನೆಯ ಮಹಾಯುದ್ಧದಲ್ಲಿ ಅದು ರೇಡಾರ್ ತಂತಿಗಳ ಹೊದಿಕೆಯಾಯಿತು. ಅದರಿಂದ ಹಿಡಿಯುಳ್ಳ ಚೀಲ ಮಾಡುವುದಕ್ಕೆ 1965ರಲ್ಲಿ ಪೇಟೆಂಟ್ ದೊರೆತದ್ದು ಸ್ವೀಡನ್ನಿನ ಸ್ಟೆನ್ ಥುಲಿನ್ ಅವರ ವಿನ್ಯಾಸಕ್ಕೆ. ಕಾಗದದ ಚೀಲಕ್ಕಾಗಿ ಮರ ಕಡಿಯುವುದು ತಪ್ಪಲೆಂಬುದು ಅವರ ಆಸೆಯಾಗಿತ್ತಂತೆ. ಅವರು ಒಂದು ಚೀಲವನ್ನು ಮಡಿಸಿ ಸದಾ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರೆಂದು ಅವರ ಮಗ ಹೇಳಿದ್ದಾರೆ. ಪಾಪ, ನಾವು ಬರಿಗೈಯಲ್ಲಿ ಅಂಗಡಿಗೆ ಹೋಗುವುದನ್ನು ಕಲಿತೆವು.

ನಮ್ಮ ಸರ್ಕಾರ ಎಚ್ಚೆತ್ತಾಗ ದಪ್ಪವನ್ನು ಅಳೆಯತೊಡಗಿತು. ಚೀಲ 1999ರ ನಿಯಮದಲ್ಲಿ 20 ಮೈಕ್ರಾನ್, 2011ರಲ್ಲಿ 40, 2016ರಲ್ಲಿ 50, 2021ರಲ್ಲಿ 75, 2022ರ ಕೊನೆಗೆ 120 ಮೈಕ್ರಾನಿಗಿಂತ ತೆಳುವಾಗಿರಬಾರದೆಂದಾಯಿತು. ದಪ್ಪ ಚೀಲಕ್ಕೆ ಬೆಲೆಯುಂಟು. ವ್ಯಾಪಾರಿ ಪುಕ್ಕಟೆ ಕೊಡಲಾರ, ಚಿಂದಿ ಆಯುವವರು ಬಿಡಲಾರರು ಎಂಬುದು ತರ್ಕ. ಕರ್ನಾಟಕವಂತೂ 2016ರ ಮಾರ್ಚಿನಲ್ಲಿ ಎಲ್ಲ ದಪ್ಪದ ಕೈಚೀಲಗಳ ಜೊತೆಗೆ ಆಹಾರಕ್ಕೆ ಸುತ್ತುವ ತೆಳುಹಾಳೆಯನ್ನೂ ನಿಷೇಧಿಸಿತು. ಹಾಗಿದ್ದೂ ನನ್ನ ಮುಂದೆ ಬಂದ ತಟ್ಟೆಗೆ ಬಿಗಿದಿದ್ದುದು ಹಾಳೆಯೇ!

ತಾಜಾತನಕ್ಕಾಗಿ ಎನ್ನುತ್ತಾರೆ. ಬ್ರಿಟನ್ನಿನ ವ್ರ್ಯಾಪ್ ಸಂಸ್ಥೆ ಸೇಬು, ಬಾಳೆಹಣ್ಣು, ಬ್ರಾಕೊಲಿ, ಸೌತೆಕಾಯಿ, ಆಲೂಗಡ್ಡೆಗಳನ್ನು ಪರೀಕ್ಷಿಸಿ 2022ರಲ್ಲಿ ವರದಿ ಕೊಟ್ಟಿತು. ಹಾಳೆಯಿಂದ ಮನೆಯಲ್ಲಿ ಬಾಳಿಕೆ ಅಷ್ಟಾಗಿ ಹೆಚ್ಚುವುದಿಲ್ಲ; ಬಿಡಿಯಾಗಿ ಮಾರಿದರೆ ಜನ ಬೇಕಾದಷ್ಟೇ ಕೊಂಡು ಕಡಿಮೆ ಎಸೆಯುತ್ತಾರೆ ಎಂದು ಅದರ ಅಭಿಪ್ರಾಯ. ಇದನ್ನು ನನ್ನಾಕೆ ವರದಿಯಿಲ್ಲದೆಯೇ ಹೇಳಿದ್ದಳು.

ನಿನ್ನೆ ಚೀಲ ಹಿಡಿದು ತಳ್ಳುಗಾಡಿಯವನ ಬಳಿಗೆ ಹೋದೆ. ಎರಡೇ ಸೌತೆಕಾಯಿ ತೂಗಿದ, ಕೊಸರಿಗೆ ಒಂದೆಸಳು ಕರಿಬೇವು. ಅಭ್ಯಾಸಬಲದಿಂದ ಕವರಿನತ್ತ ಚಾಚಿದ ಕೈಯನ್ನು ನನ್ನ ಚೀಲ ಕಂಡು ಹಿಂತೆಗೆದುಕೊಂಡ.