ಅಪ್ಪನ ಸೈಕಲ್ಲು, ದೊಡ್ಡಪ್ಪನ ಸೈಕಲ್ಲು

ಎರಡು ದಿನ ಮಳೆ, ತೋಟಕ್ಕೆ ಕಾಲಿಡೋ ಹಾಗಿರಲಿಲ್ಲ. ಅಟ್ಟದ ಮೇಲಿದ್ದ ಅಪ್ಪನ ಸೈಕಲ್ ಇಳಿಸಿಕೊಂಡು ಕೂತೆ. ಹೋದ ತಿಂಗಳು ಗುಜರಿಯವನು ಕಬ್ಬಿಣದ ತೂಕಕ್ಕೆ ಕೇಳಿದ್ದ, ಕೊಡಲಿಲ್ಲ. ಯಾಕಂದ್ರೆ ಒಂದು ಸೈಕಲ್ಲನ್ನ ನಾನೇ ಕೈಯಾರೆ ಹಾಳು ಮಾಡಿದೀನಿ. ಅದನ್ನ ಮುಂದೆ ಹೇಳ್ತೀನಿ.

ಸ್ವಾತಂತ್ರ್ಯಕ್ಕೆ ಮುಂಚೆ ನಮ್ಮ ದೇಶದಲ್ಲಿ ಹೆಸರುವಾಸಿ ಸೈಕಲ್ಲುಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನವು: ರ‍್ಯಾಲೆ, ಹರ್ಕ್ಯುಲಿಸ್, ಬಿಎಸ್‌ಎ, ಹಂಬರ್. 1949ರಲ್ಲಿ ಮದ್ರಾಸಲ್ಲಿ ಟಿಐ ಸೈಕಲ್ಸ್ ಶುರುವಾಗಿ ಹರ್ಕ್ಯುಲಿಸ್ ಇಲ್ಲೇ ತಯಾರಾಯ್ತು. ಬಂಗಾಳದ ಆಸನ್ಸೋಲ್‌ನಲ್ಲಿ ಸೆನ್-ರ‍್ಯಾಲೆ, 1951ರಲ್ಲಿ ಸೋನಿಪತ್‌ನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೊ. ಹೆಸರು ಬೇರೆಬೇರೆ, ದೊಡ್ಡ ಸೈಕಲ್ಲಿನ ಅಳತೆ ಮಾತ್ರ ಹೆಚ್ಚುಕಮ್ಮಿ ಒಂದೇ. ಟೈರು 28ಕ್ಕೆ ಒಂದೂವರೆ ಇಂಚು, ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಕ್ಕೆ 40. ಭಾರ ಬೀಳೋದು ಹಿಂದೆ, ಅದಕ್ಕೆ ಎಂಟು ಜಾಸ್ತಿ. ಅಜ್ಜನ ಕಾಲದ ಸೈಕಲ್ಲಿಗೂ ಇವತ್ತು ತುಮಕೂರಲ್ಲಿ ಟೈರು ಸಿಗೋದು ಈ ಅಳತೆಯಿಂದಲೇ.

ಆದ್ರೆ ಕಂಪನಿ ಮಾಡಿದ್ದು ಅರ್ಧ ಸೈಕಲ್ಲು. ಉಳಿದರ್ಧ ಮಾಡಿದೋರು ನಮ್ಮೂರ ಕುಲುಮೆಯವರು, ವೆಲ್ಡಿಂಗಿನವರು. ಹಾಲಿನ ಕ್ಯಾನಿಗೆ ಎರಡೂ ಕಡೆ ಕೊಕ್ಕೆ, ತೆಂಗಿನಕಾಯಿ ಮೂಟೆಗೆ ದಪ್ಪ ಕಂಬಿಯ ಕ್ಯಾರಿಯರ್, ಫೋರ್ಕ್ ಬಾಗದ ಹಾಗೆ ಮುಂದೆ ಎರಡು ಸರಳು. ಗುಬ್ಬಿ ಸಂತೆಗೆ ಅಪ್ಪ ಹೋಗ್ತಿದ್ದದ್ದು ಇಂಥದ್ದರಲ್ಲೇ.

ಹೊರದೇಶದಲ್ಲಿ ಎರಡು ಸೀಟು, ಎರಡು ಜೊತೆ ಪೆಡಲಿನ ಟ್ಯಾಂಡಮ್ ಸೈಕಲ್ ಇದೆ. ಎರಡು ಜೊತೆ ಪೆಡಲಿಗೂ ಚೈನ್ ಹಾಕಿರ್ತಾರೆ, ಜೋಡೆತ್ತಿನ ಹಾಗೆ ಇಬ್ಬರೂ ಒಂದೇ ಸಮ ತುಳೀಬೇಕು. ನಾವು ಅದನ್ನ ಕಂಡವರಲ್ಲ. ಏರು ಬಂದ್ರೆ ಕ್ಯಾರಿಯರ್ ಮೇಲೆ ಕೂತೋನು ಹಿಂದಿನಿಂದ ಕಾಲು ಚಾಚಿ ಅದೇ ಪೆಡಲಿನ ತುದಿ ತುಳೀತಿದ್ದ. ನಾನೂ ಅಪ್ಪನ ಹಿಂದೆ ಹಂಗೆ ತುಳಿದಿದೀನಿ. ನಮ್ಮ ಟ್ಯಾಂಡಮ್ ಅದೇ.

ಈಗ ನನ್ನ ತಪ್ಪಿನ ವಿಷಯ. ದೊಡ್ಡಪ್ಪನ ಸೈಕಲ್ ಹೊಸದರ ಹಾಗೆ ಹೊಳೀಲಿ ಅಂತ ಗ್ರೈಂಡರ್ ಹಿಡಿಸಿ, ಬಣ್ಣ ಹೊಡೆಸಿದೆ. ಮುಂದಿನ ಪೈಪಿನ ಬಿಲ್ಲೆ ಹೋಯ್ತು, ಫ್ರೇಮಿನ ನಂಬರೂ ಅಳಿಸಿಹೋಯ್ತು. ಕ್ಯಾನಿನ ಕೊಕ್ಕೆಗಳನ್ನ ನಾನೇ ಕತ್ತರಿಸಿಸಿದ್ದೆ. ದೊಡ್ಡಪ್ಪನ ಮಗ ಬಂದು ನೋಡಿ, ‘ಇದು ಅಪ್ಪಂದೇನೋ?’ ಅಂದ. ಏನು ಹೇಳಲಿ? ಕುಣಿಗಲ್ ಸ್ಟಡ್ ಫಾರಂನಂಥ ಕಡೆ ಕುದುರೆಗೆ ವಂಶಾವಳಿ ಬರೆದಿಡ್ತಾರೆ. ಸೈಕಲ್ಲಿಗೆ ವಂಶಾವಳಿ ಅಂದ್ರೆ ಆ ಬಿಲ್ಲೆ, ಆ ನಂಬರು, ಚೈನಿನ ಹಲ್ಲುಚಕ್ರದ ಆಕಾರ. ಹಳೇ ರ‍್ಯಾಲೆಯ ಹಲ್ಲುಚಕ್ರದಲ್ಲಿ ಕೊಕ್ಕರೆ ತಲೆ ಕೊರೆದಿರುತ್ತೆ. ನಾನು ಆ ವಂಶಾವಳಿಯನ್ನೇ ಉಜ್ಜಿ ಹಾಕಿದ್ದೆ.

ಅಪ್ಪನದಕ್ಕೆ ಬಣ್ಣ ಮುಟ್ಟಿಲ್ಲ. ಸೋಪಿನ ನೀರಲ್ಲಿ ತೊಳೆದು, ತುಕ್ಕಿರೋ ನಟ್ಟುಗಳಿಗೆ ಒಂದು ರಾತ್ರಿ ಡೀಸೆಲ್ ಬಿಟ್ಟೆ. ಪೆಡಲಿನ ಕಾಟರ್ ಪಿನ್ ಬಿಡಿಸೋವಾಗ ನಟ್ಟು ಪೂರ್ತಿ ತೆಗೀದೆ, ಪಿನ್ನಿನ ತುದಿ ಮಟ್ಟಕ್ಕೆ ಸಡಿಲಿಸಿ, ಕೆಳಗೆ ಆಸರೆ ಕೊಟ್ಟು ಹೊಡೀಬೇಕು. ಇಲ್ಲಾಂದ್ರೆ ಮರೆ ಹಾಳು. ಗುಂಡು ಬದಲಾಯಿಸೋದಾದ್ರೆ ಒಂದು ಬಟ್ಟಲಿನ ಅಷ್ಟನ್ನೂ ಒಟ್ಟಿಗೆ ಬದಲಾಯಿಸಿ. ಹಳೇದು ಹೊಸದು ಬೆರೆಸಿದ್ರೆ ಭಾರವೆಲ್ಲ ಹೊಸದರ ಮೇಲೇ ಬೀಳುತ್ತೆ.

ಕ್ಯಾರಿಯರ್ ಎಡಕ್ಕೆ ಬಾಗಿದೆ. ನೆಟ್ಟಗೆ ಮಾಡ್ಕೊಡ್ಲಾ ಅಂತ ಮೆಕ್ಯಾನಿಕ್ ಕೇಳಿದ. ಬೇಡ ಅಂದೆ. ಎಷ್ಟು ಮೂಟೆ ಹೊತ್ತು ಬಾಗಿತೋ ಏನೋ.

ನಿಮ್ಮ ಅಟ್ಟದಲ್ಲೂ ಒಂದಿದ್ರೆ ಗುಜರಿಗೆ ಹಾಕೋ ಮುಂಚೆ ಸೀಟಿನ ಕೆಳಗಿನ ಪೈಪು ಒರೆಸಿ, ನಂಬರ್ ಇದೆಯಾ ನೋಡಿ. ಮನೇಲಿ ಹಿರಿಯರಿದ್ದರೆ ಅದರಲ್ಲಿ ಏನೇನು ಹೊತ್ತಿದ್ರು ಅಂತ ಈಗಲೇ ಕೇಳಿ ಬರೆದಿಟ್ಕೊಳ್ಳಿ. ನಾನು ಅಪ್ಪನನ್ನ ಕೇಳಿರಲಿಲ್ಲ.